ವೈದ್ಯವಿದ್ಯಾರ್ಥಿಯೂ ರೋಗಿಯ ನೋವೂ

ವಿದ್ಯೆಗಳಲ್ಲಿ ಕೆಲವು ಕಲಿಯುವವನ ಮೈಯನ್ನೇ ನೋಯಿಸುತ್ತವೆ. ಗರಡಿಯಲ್ಲಿ ಸಾಮು ಮಾಡುವವನು, ತೆಂಗಿನ ಮರವೇರುವುದನ್ನು ಕಲಿಯುವವನು, ಯಕ್ಷಗಾನದ ಕುಣಿತವನ್ನು ಅಭ್ಯಾಸಮಾಡುವ ಹುಡುಗನು, ಇವರೆಲ್ಲರೂ ತಮ್ಮ ತಪ್ಪಿಗೆ ತಾವೇ ದಂಡ ತೆರುತ್ತಾರೆ. ಬೇರೆ ಕೆಲವು ವಿದ್ಯೆಗಳಲ್ಲಿ ದಂಡವು ಜಡವಸ್ತುವಿಗೆ ಬೀಳುತ್ತದೆ. ಬಡಗಿಯ ಮಗನು ಹಾಳುಮಾಡಿದ ಹಲಗೆ ಒಲೆಗೆ ಹೋಗುತ್ತದೆ. ಅಕ್ಕಸಾಲಿಗನ ಶಿಷ್ಯನು ಕೆಡಿಸಿದ ಚಿನ್ನವನ್ನು ಮತ್ತೆ ಕರಗಿಸಬಹುದು. ವೈದ್ಯವಿದ್ಯೆಯು ಈ ಎರಡು ಗುಂಪಿಗೂ ಸೇರದು. ಅಲ್ಲಿ ಕಲಿಯುವ ಕೈ ಒಬ್ಬನದು, ನೋಯುವ ಮೈ ಇನ್ನೊಬ್ಬನದು. ಕ್ಷೌರವಿದ್ಯೆಯನ್ನೂ ಇದರ ಜೊತೆಗೆ ಸೇರಿಸಬಹುದೆಂದು ವಿನೋದಪ್ರಿಯರು ಹೇಳಿಯಾರು. ಆದರೆ ಅಲ್ಲಿ ಕೆಟ್ಟದ್ದು ತಿಂಗಳೊಳಗೆ ಬೆಳೆದು ಸರಿಹೋಗುತ್ತದೆ. ಕಲಿಯುತ್ತಿರುವವನ ಸೂಜಿಗೆ ತನ್ನ ಮೈಯನ್ನು ಒಡ್ಡಬೇಕೆಂಬ ಹೊಣೆಯು ರೋಗಿಗೆ ಉಂಟೆ? ಉಂಟಾದರೆ ಅದನ್ನು ಅವನಿಂದ ಕೇಳಿ ಪಡೆಯುವ ಅಧಿಕಾರವು ಯಾರದು? ಇದು ಇಲ್ಲಿ ವಿಚಾರಿಸತಕ್ಕ ವಿಷಯ.

ಈ ತೊಡಕನ್ನು ಪೂರ್ವಿಕರು ಅರಿಯದವರಾಗಿರಲಿಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ 9ನೆಯ ಅಧ್ಯಾಯವು ಕೇವಲ ಕೈಯಭ್ಯಾಸಕ್ಕೆಂದೇ ಮೀಸಲಾಗಿದೆ. ಶಾಸ್ತ್ರವನ್ನೆಲ್ಲ ಓದಿ ಮುಗಿಸಿದವನಾದರೂ ಕೈ ಪಳಗದಿದ್ದರೆ ಕರ್ಮಕ್ಕೆ ಯೋಗ್ಯನಲ್ಲವೆಂಬುದು ಅದರ ಅಭಿಪ್ರಾಯ. ಕೊಯ್ಯುವುದನ್ನು ಕುಂಬಳ, ಸೋರೆ, ಕಲ್ಲಂಗಡಿ, ಸೌತೆಗಳಲ್ಲಿ ಕಲಿಯಬೇಕು. ಸೀಳುವುದನ್ನು ನೀರು ತುಂಬಿದ ತೊಗಲಚೀಲದಲ್ಲಿಯೂ, ಸಿರೆಯನ್ನು ಚುಚ್ಚುವುದನ್ನು ಸತ್ತ ಪಶುವಿನ ಸಿರೆಯಲ್ಲಿ ಮತ್ತು ನೈದಿಲೆಯ ದಂಟಿನಲ್ಲಿಯೂ, ಹುಣ್ಣಿನೊಳಗೆ ಸಲಾಕೆಯಾಡಿಸುವುದನ್ನು ಹುಳು ಕೊರೆದ ಮರದಲ್ಲಿಯೂ, ಹೊಲಿಗೆಯನ್ನು ಬಟ್ಟೆ ಮತ್ತು ಮೆದುದೊಗಲುಗಳ ಅಂಚಿನಲ್ಲಿಯೂ ಸಾಧಿಸಬೇಕು. ಮೈಯೊಳಗೆ ನಟ್ಟುದನ್ನು ಹೊರತೆಗೆಯುವ ಕ್ರಮಕ್ಕೆ ಹಲಸು, ತೊಂಡೆ, ಬಿಲ್ವಫಲಗಳ ತಿರುಳನ್ನು ಹೇಳಿದೆ. ಹಲಸಿನ ಹಣ್ಣನ್ನು ಬಿಡಿಸಿ ಬಲ್ಲ ಈ ಜಿಲ್ಲೆಯ ಓದುಗರಿಗೆ ಆ ಗ್ರಂಥಕರ್ತನ ಸೂಕ್ಷ್ಮತೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ತೊಳೆ ಹರಿಯದಂತೆ ಬೀಜವನ್ನು ತೆಗೆಯುವುದಕ್ಕೆ ಎಷ್ಟು ನಯ ಬೇಕೋ ಅಷ್ಟೇ ನಯವು ಮಾಂಸದಿಂದ ಮುಳ್ಳನ್ನು ತೆಗೆಯುವುದಕ್ಕೂ ಬೇಕು.

ಇಂದಿನ ಕಾಲೇಜುಗಳಲ್ಲಿ ಹಲಸಿನ ಸ್ಥಾನಕ್ಕೆ ರಬ್ಬರಿನ ತೋಳು ಬಂದಿದೆ. 2019ರಲ್ಲಿ ದೇಶದಾದ್ಯಂತ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮವು ಇಂತಹ ಕೌಶಲಶಾಲೆಗಳಲ್ಲಿ ಮೊದಲು ಕೈ ಪಳಗಿಸಬೇಕೆಂದು ವಿಧಿಸುವುದಲ್ಲದೆ, ರೋಗಿಯೊಡನೆ ನಡೆದುಕೊಳ್ಳುವ ನೀತಿಯನ್ನೂ ಪಾಠದೊಳಗೆ ಸೇರಿಸಿದೆ. ಇದು ಸಂತೋಷದ ಮಾತು. ಆದರೆ ರಬ್ಬರಿನ ತೋಳು ನಡುಗದು, ಬೆವರದು, ಅದರ ಸಿರೆಯು ಸೂಜಿಯ ಮೊನೆಗೆ ಸಿಕ್ಕದೆ ಜಾರದು, ಮುದುಕರ ಸಿರೆಯಂತೆ ಮುಟ್ಟಿದೊಡನೆ ಒಡೆಯದು. ವಿದ್ಯಾರ್ಥಿಗಳು ಒಬ್ಬರ ತೋಳನ್ನೊಬ್ಬರು ಚುಚ್ಚಿಕೊಂಡು ಕಲಿಯುವುದೂ ಉಂಟು. ಅದು ಮೆಚ್ಚತಕ್ಕುದು, ಆದರೆ ಇಪ್ಪತ್ತರ ಹರೆಯದ ಆರೋಗ್ಯವಂತನ ತೋಳು ರೋಗಿಯ ತೋಳಲ್ಲ. ಎಷ್ಟು ಹಲಸನ್ನು ಬಿಡಿಸಿದರೂ, ಎಷ್ಟು ರಬ್ಬರನ್ನು ಚುಚ್ಚಿದರೂ, ಒಂದು ದಿನ ಮೊದಲನೆಯ ರೋಗಿಯ ಬಳಿಗೆ ಹೋಗಲೇಬೇಕು. ಆ ಮೊದಲನೆಯವನು ಯಾರಾಗಬೇಕು?

ಮಂಗಳೂರಿನಲ್ಲಿ ಈ ಪ್ರಶ್ನೆಗೆ ಉತ್ತರವನ್ನು ಬಹುಕಾಲ ಹಂಪನಕಟ್ಟೆಯಲ್ಲಿ ಹುಡುಕಬೇಕಾಗಿದ್ದಿತು. 1848ರಲ್ಲಿ ಆರಂಭವಾಗಿ, ಮುಂದೆ ಮದರಾಸಿನ ಗವರ್ನರನಾಗಿದ್ದ ವೆನ್‌ಲಾಕ್ ಪ್ರಭುವಿನ ಹೆಸರನ್ನು ಪಡೆದ ಸರಕಾರಿ ಆಸ್ಪತ್ರೆಯು ಅಲ್ಲಿದೆ. 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದಾಗ, ಖಾಸಗಿಯವರು ಕಟ್ಟಿದ ಕಾಲೇಜಿನ ವಿದ್ಯಾರ್ಥಿಗಳಿಗೆ ಸರಕಾರದ ಆಸ್ಪತ್ರೆಯು ಕಲಿಕೆಯ ಸ್ಥಳವಾಗುವ ಏರ್ಪಾಡು ಆ ದಶಕದಲ್ಲಿಯೇ ಮೊದಲಾಯಿತು. ಹೆಂಗಸರಿಗಾಗಿ ಇರುವ ಲೇಡಿ ಗೋಶನ್ ಆಸ್ಪತ್ರೆಯೂ ಅದರೊಳಗೆ ಸೇರಿತು. 1880ರಲ್ಲಿ ಕಂಕನಾಡಿಯಲ್ಲಿ ಫಾದರ್ ಮುಲ್ಲರರು ತೆರೆದ ಔಷಧಾಲಯದಿಂದ ಬೆಳೆದ ಸಂಸ್ಥೆಯು 1999ರಲ್ಲಿ ವೈದ್ಯಕೀಯ ಕಾಲೇಜಾಯಿತು. ದೇರಳಕಟ್ಟೆಯಲ್ಲಿಯೂ ಕಾಲೇಜುಗಳು ಎದ್ದುವು. ಹೀಗೆ ಕಲಿಯುವ ಕೈಗಳು ಈ ನಗರದಲ್ಲಿರುವಷ್ಟು ಇದೇ ಗಾತ್ರದ ಬೇರೆ ನಗರಗಳಲ್ಲಿ ಸಿಕ್ಕುವುದು ಅಪರೂಪ. ಆ ಏರ್ಪಾಡಿನಿಂದ ಬಡವರಿಗೆ ಆದ ಉಪಕಾರವನ್ನು ಮರೆಯಲಾಗದು. ದೊಡ್ಡ ದೊಡ್ಡ ಪ್ರಾಧ್ಯಾಪಕರು ಅವರ ಹಾಸಿಗೆಯ ಬಳಿಗೆ ಬಂದರು. ಆದರೆ ಪ್ರಾಧ್ಯಾಪಕರ ಹಿಂದೆ ವಿದ್ಯಾರ್ಥಿಗಳೂ ಬಂದರು.

ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಬಂಟ್ವಾಳದ ಕಡೆಯ ಬೀಡಿ ಕಟ್ಟುವ ಹೆಂಗಸೊಬ್ಬಳು ಉಬ್ಬಸದಿಂದ ಸಾಮಾನ್ಯ ವಾರ್ಡಿಗೆ ಬಂದಿದ್ದಾಳೆ. ವಯಸ್ಸು ಅರುವತ್ತು ದಾಟಿದೆ. ಆಕೆಯ ರಕ್ತದಲ್ಲಿ ಪ್ರಾಣವಾಯು ಎಷ್ಟು, ಇಂಗಾಲಾಮ್ಲ ಎಷ್ಟು ಎಂಬುದನ್ನು ತಿಳಿಯಬೇಕಾಗಿದೆ. ಅದಕ್ಕೆ ಸಿರೆಯ ರಕ್ತ ಸಾಲದು. ಮಣಿಕಟ್ಟಿನಲ್ಲಿ ನಾಡಿ ಮಿಡಿಯುವ ಧಮನಿಯನ್ನೇ ಚುಚ್ಚಬೇಕು. ಆ ಧಮನಿಯು ಕಣ್ಣಿಗೆ ಕಾಣದು. ಬೆರಳಿಗೆ ಸಿಕ್ಕುವ ಮಿಡಿತವೊಂದೇ ಅದರ ಗುರುತು. ಅದರ ಗೋಡೆಯಲ್ಲಿ ನೋವನ್ನರಿಯುವ ನರಗಳು ಉಂಟಾದುದರಿಂದ ಈ ಚುಚ್ಚು ಸಾಮಾನ್ಯ ಸೂಜಿಯ ಚುಚ್ಚಿಗಿಂತ ಹೆಚ್ಚು ನೋಯುತ್ತದೆ. ಪಳಗಿದ ಕೈಯಾದರೆ ಸೂಜಿಯು ಓರೆಯಾಗಿ ಇಳಿಯುತ್ತದೆ, ರಕ್ತವು ಮಿಡಿತದ ಒತ್ತಡಕ್ಕೆ ತಾನಾಗಿ ಸಿರಿಂಜಿಗೆ ಏರುತ್ತದೆ, ಐದು ನಿಮಿಷ ಒತ್ತಿ ಹಿಡಿದರೆ ಕೆಲಸ ಮುಗಿಯಿತು. ಪಳಗದ ಕೈಯಾದರೆ ಸೂಜಿಯು ಧಮನಿಯ ಪಕ್ಕಕ್ಕೆ ಹೋಗುತ್ತದೆ. ಅರ್ಧ ಹೊರಗೆಳೆದು ದಿಕ್ಕು ಬದಲಿಸಿ ಮತ್ತೆ ಇಳಿಸಬೇಕಾಗುತ್ತದೆ. ಕೆಲವೊಮ್ಮೆ ಮೊನೆಯು ಎಲುಬಿಗೂ ತಾಗುತ್ತದೆ. ಆ ಮಣಿಕಟ್ಟಾದರೋ ವರ್ಷಗಟ್ಟಲೆ ದಿನವೂ ನೂರಾರು ಬೀಡಿ ಸುತ್ತಿ ಮನೆಯನ್ನು ನಡೆಸಿದ ಮಣಿಕಟ್ಟು.

ಸೂಜಿ ಹಿಡಿದು ಬಂದವನು ಉತ್ತರದೇಶದ ಯಾವುದೋ ನಗರದ ಹುಡುಗ. ಅವನಿಗೆ ಕನ್ನಡದ ನಾಲ್ಕು ವಾಕ್ಯಗಳು ಬರುತ್ತವೆ. ತುಳುವಿನಲ್ಲಿ 'ಬೇನೆ ಆಪುಂಡಾ?' ಎಂದು ನೋವನ್ನು ವಿಚಾರಿಸಬಲ್ಲನು. ಮೊಮ್ಮಗನ ವಯಸ್ಸಿನವನಾದರೂ ಆಕೆಗೆ ಅವನನ್ನು ಏಕವಚನದಲ್ಲಿ ಕರೆಯಲು ಬಾಯಿ ಬಾರದು, 'ಡಾಕ್ಟ್ರೇ' ಎನ್ನುತ್ತಾಳೆ. ತಾನಿನ್ನೂ ಡಾಕ್ಟರನಲ್ಲವೆಂದು ಅವನು ಹೇಳುವುದಿಲ್ಲ. ಬಿಳಿಯ ಕೋಟು ಅವನ ಪರವಾಗಿ ಮಾತಾಡಿಬಿಟ್ಟಿದೆ. ಪರೀಕ್ಷೆಯು ಆಕೆಗೆ ಅವಶ್ಯವಾದುದೇ, ಅದರಲ್ಲಿ ಮೋಸವಿಲ್ಲ. ಅಸತ್ಯವಿರುವುದು ಆ ಮೌನದಲ್ಲಿ.

ಈ ಮೌನವನ್ನು ಸಮರ್ಥಿಸುವವರು ಸಾಮಾನ್ಯವಾಗಿ ಮೊದಲು ಹೇಳುವುದು ಲೋಕಹಿತದ ಮಾತು. ಇಂದು ಒಬ್ಬಳು ನೊಂದರೆ ನಾಳೆ ಸಾವಿರ ಮಂದಿಗೆ ಪಳಗಿದ ವೈದ್ಯನು ದೊರೆಯುತ್ತಾನಷ್ಟೆ? ಇದು ನಿಜ. ಆದರೆ ಸಾವಿರ ಮಂದಿಯ ಸುಖವನ್ನು ಒಟ್ಟುಗೂಡಿಸಿ ತೂಗಬಹುದೇ ಹೊರತು, ಒಬ್ಬಳ ನೋವನ್ನು ಆ ಸಾವಿರ ಮಂದಿಗೆ ಹಂಚಿಕೊಡಲು ಬಾರದು. ಅದು ಆಕೆಯ ಮಣಿಕಟ್ಟಿನಲ್ಲಿಯೇ ಉಳಿಯುತ್ತದೆ. ಇನ್ನು ಚಿಕಿತ್ಸೆಯು ಧರ್ಮಾರ್ಥವಾದುದರಿಂದ ಇಷ್ಟನ್ನು ಸಹಿಸುವುದು ನ್ಯಾಯವೆನ್ನುವವರಿದ್ದಾರೆ. ಈ ವಾದವು ಬಾಯಿಬಿಟ್ಟು ಹೇಳಲ್ಪಡುವುದು ಕಡಮೆ, ಮನಸ್ಸಿನಲ್ಲಿ ಇರುವುದು ಹೆಚ್ಚು. ಸರಕಾರಿ ಆಸ್ಪತ್ರೆಯು ಯಾರೂ ಯಾರಿಗೂ ಹಾಕಿದ ಭಿಕ್ಷೆಯಲ್ಲ. ಆಕೆ ಕಟ್ಟಿದ ಬೀಡಿಯ ಮೇಲೆಯೂ ಸರಕಾರವು ತೆರಿಗೆಯೆತ್ತುತ್ತದೆ. ಆಸ್ಪತ್ರೆಯ ಗೋಡೆಯಲ್ಲಿ ಆಕೆಯ ಇಟ್ಟಿಗೆಯೂ ಒಂದಿದೆ.

ಉಳಿದುದು ಋಣದ ವಾದ, ಅದು ಗಟ್ಟಿಯಾದುದು. ಮನುಷ್ಯನು ಹುಟ್ಟುವಾಗಲೇ ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ, ಮನುಷ್ಯರಿಗೆ ಋಣಿಯಾಗಿ ಹುಟ್ಟುತ್ತಾನೆಂದು ಶತಪಥಬ್ರಾಹ್ಮಣವು ಹೇಳುತ್ತದೆ. ಋಷಿಋಣವನ್ನು ಋಷಿಗೆ ಹಿಂದಿರುಗಿಸಲಾಗದು; ಕಲಿತು ಮುಂದಿನವರಿಗೆ ಕಲಿಸಿದರೆ ತೀರುತ್ತದೆ. ಪಳಗಿದ ವೈದ್ಯನಿಂದ ಗುಣಹೊಂದಿದ ಪ್ರತಿಯೊಬ್ಬನೂ, ಆ ವೈದ್ಯನ ಕೈ ನಡುಗುತ್ತಿದ್ದಾಗ ಅದರ ಕೆಳಗೆ ಮಲಗಿದ್ದ ಅಜ್ಞಾತರೋಗಿಗಳಿಗೆ ಇಂಥದೇ ಋಣವನ್ನು ಹೊತ್ತಿರುತ್ತಾನೆ. ಅವರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಅದನ್ನು ತೀರಿಸುವ ದಾರಿಯೂ ಒಂದೇ: ಮುಂದಿನ ನಡುಗುವ ಕೈಗೆ ತನ್ನ ತೋಳನ್ನು ನೀಡುವುದು.

ಇಷ್ಟನ್ನು ಒಪ್ಪಿದರೂ ಎರಡು ವಿಷಯಗಳನ್ನು ಆಲೋಚಿಸಬೇಕು. ಋಣವಿದೆಯೆಂದ ಮಾತ್ರಕ್ಕೆ ಎಲ್ಲರಿಗೂ ವಸೂಲಿಯ ಅಧಿಕಾರ ಬಾರದು. ಇಲ್ಲಿ ಸಾಲಿಗರು ಆ ಹಿಂದಿನ ರೋಗಿಗಳು. ಆಸ್ಪತ್ರೆಯು ಅವರ ಗುಮಾಸ್ತನಲ್ಲ. ಋಣಿಯಾದವನು ತಾನಾಗಿ ಕೊಡಬೇಕೇ ಹೊರತು, ಮೂರನೆಯವನು ಅವನ ಮಣಿಕಟ್ಟನ್ನು ಹಿಡಿದು ಜಪ್ತಿಮಾಡಲಾಗದು. ಇನ್ನೊಂದು ಮಾತು ಇದಕ್ಕಿಂತ ಕಹಿಯಾದುದು. ಆ ಹಿಂದಿನ ರೋಗಿಗಳು ನಿಜವಾಗಿ ಕೊಟ್ಟರೆ? ಅವರಲ್ಲಿ ಅನೇಕರನ್ನು ಯಾರೂ ಕೇಳಿರಲಿಕ್ಕಿಲ್ಲ. ಹೇಳದೆ ತೆಗೆದುಕೊಂಡುದನ್ನು ದಾನವೆನ್ನಲು ನಾಲಗೆ ಏಳದು. ಹಾಗಿದ್ದರೆ ಗುಣಹೊಂದಿದವನು ಅನುಭವಿಸುತ್ತಿರುವುದು ಕೊಟ್ಟುದರ ಫಲವಲ್ಲ, ಕಸಿದುದರ ಫಲ. ಅಂತಹ ಋಣವು ತೋಳು ನೀಡಿದ ಮಾತ್ರಕ್ಕೆ ತೀರದು. ಇನ್ನು ಮುಂದೆ ಯಾರ ತೋಳೂ ಹಾಗೆ ಕಸಿಯಲ್ಪಡಬಾರದೆಂದು ನೋಡಿಕೊಳ್ಳುವ ಹೊಣೆಯೂ ಅದರೊಳಗೆ ಸೇರಿದೆ.

ಕೇಳಬೇಕು, ಸರಿ, ಹೇಗೆ ಕೇಳಬೇಕು? 2008ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು, ರೋಗಿಯ ಒಪ್ಪಿಗೆಯು ಸಾಕಷ್ಟು ತಿಳಿವಳಿಕೆಯಿಂದ ಕೊಟ್ಟ ನಿಜವಾದ ಒಪ್ಪಿಗೆಯಾಗಿರಬೇಕೆಂದೂ, ಒಂದು ಕ್ರಿಯೆಗೆ ಕೊಟ್ಟ ಒಪ್ಪಿಗೆಯು ಬೇರೊಂದಕ್ಕೆ ಸಲ್ಲದೆಂದೂ ತೀರ್ಪಿತ್ತಿತು. ಅಲ್ಲಿದ್ದುದು ಯಾವ ಶಸ್ತ್ರಕ್ರಿಯೆ ಎಂಬ ಪ್ರಶ್ನೆ. ಯಾರ ಕೈ ಎಂಬುದೂ ಅಷ್ಟೇ ತಿಳಿಯತಕ್ಕ ಸಂಗತಿಯಲ್ಲವೆ? ತಾನು ವಿದ್ಯಾರ್ಥಿಯೆಂಬುದನ್ನೂ, ಈ ಕೆಲಸವನ್ನು ಹಿಂದೆ ಎಷ್ಟು ಸಲ ಮಾಡಿದ್ದೇನೆಂಬುದನ್ನೂ, ಗುರುಗಳು ಪಕ್ಕದಲ್ಲಿ ನಿಲ್ಲುವರೆಂಬುದನ್ನೂ, ಎರಡು ಸಲಕ್ಕೆ ಕೈಗೂಡದಿದ್ದರೆ ಸೂಜಿಯನ್ನು ಅವರ ಕೈಗೇ ಕೊಡುವೆನೆಂಬುದನ್ನೂ ಅವನು ಹೇಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಒಲ್ಲೆನೆಂದರೆ ಚಿಕಿತ್ಸೆಯಲ್ಲಿ ಎಳ್ಳಷ್ಟೂ ಕೊರತೆಯಾಗದೆಂದು ಆಕೆಗೆ ಮನವರಿಕೆಯಾಗಬೇಕು. 'ಬೇನೆ ಆಪುಂಡಾ?' ಎಂದು ಕೇಳಲು ಕಲಿತವನು 'ಬೊಡ್ಚಿ' ಎಂಬ ಒಂದು ಮಾತಿನ ಅರ್ಥವನ್ನೂ ಕಲಿತಿರಬೇಕು; ತುಳುವಿನಲ್ಲಿ ಬೇಡವೆಂಬುದಕ್ಕೆ ಅಷ್ಟೇ ಸಾಕು. ಅನೇಕ ಸಲ ಬಡವರು ಅಷ್ಟನ್ನೂ ಹೇಳುವುದಿಲ್ಲ. ಕೈಯನ್ನು ಮೆಲ್ಲನೆ ಸೆರಗಿನೊಳಗೆ ಎಳೆದುಕೊಳ್ಳುತ್ತಾರೆ. ಅದೂ ಒಂದು ಉತ್ತರವೇ.

ಹೀಗೆ ಕೇಳಿದರೆ ಎಲ್ಲರೂ ನಿರಾಕರಿಸುವರು, ವಿದ್ಯೆಯೇ ನಿಂತುಹೋದೀತು ಎಂದು ಕೆಲವರು ಅಂಜುತ್ತಾರೆ. ಕೇಳಿ ನೋಡದವನಿಗೆ ನಿರಾಕರಣೆಯ ಪ್ರಮಾಣವು ತಿಳಿಯುವುದಾದರೂ ಎಂತು? ತನ್ನ ಮುಂದೆ ನಿಂತ ಹುಡುಗನು ಬೆವರುತ್ತಿರುವುದನ್ನು ಕಂಡ ಮುದುಕಿಯು 'ಎಡಗೈಯಲ್ಲಿ ನೋಡಿ, ಬಲಗೈಯಲ್ಲಿ ಎಲೆ ಕತ್ತರಿಸಬೇಕು' ಎಂದು ತಾನೇ ಕೈ ಚಾಚುವುದು ಅಸಂಭವವೇನಲ್ಲ. ಆಗ ಸೂಜಿ ಅಷ್ಟೇ ನೋಯುತ್ತದೆ. ಆದರೆ ಆ ನೋವನ್ನು ಕೊಟ್ಟವಳು ಆಕೆ, ಅವನು ಪಡೆದವನು. ಇಂತಹ ದಾನವನ್ನು ಪಡೆದವನು ಮುಂದೆ ದೊಡ್ಡ ವೈದ್ಯನಾದಾಗ ಅದನ್ನು ಮರೆಯುವುದು ಕಷ್ಟ. ಮೌನದಿಂದ ಕಸಿದುಕೊಂಡವನಿಗೆ ನೆನಪಿಡಲು ಏನೂ ಇರುವುದಿಲ್ಲ.

ಇಷ್ಟು ಹೊತ್ತು ಬಡವಳ ಒಪ್ಪಿಗೆಯನ್ನೇ ವಿಚಾರಿಸಿದ್ದಾಯಿತು. ಅನುಕೂಲಸ್ಥರ ಪಾಡೇನು? ಹಣ ತೆತ್ತು ಪ್ರತ್ಯೇಕ ಕೋಣೆಯಲ್ಲಿ ಮಲಗಿದವರು 'ಕಲಿಯುವ ಹುಡುಗರು ಬೇಡ, ದೊಡ್ಡ ಡಾಕ್ಟರರೇ ಬರಲಿ' ಎನ್ನುವುದು ಸಾಮಾನ್ಯ; ಆ ಮಾತು ನಡೆಯುವುದೂ ಸಾಮಾನ್ಯ. ಹಾಗೆನ್ನುವ ಹಕ್ಕು ಅವರಿಗಿಲ್ಲವೆನ್ನಲಾಗದು. ಮೂರು ಸಲ ಚುಚ್ಚಿಸಿಕೊಂಡು ಬಸವಳಿದವನೂ, ಸೂಜಿಯೆಂದರೆ ಮೂರ್ಛೆಹೋಗುವವನೂ, ಅಪಾಯದ ಅಂಚಿನಲ್ಲಿರುವವನೂ ಒಲ್ಲೆನೆಂದರೆ ಕಾರಣವನ್ನು ಕೇಳುವುದೂ ತಪ್ಪು. ಆದರೆ ಹಕ್ಕಿರುವುದು ಬೇರೆ, ಅದನ್ನು ಚಲಾಯಿಸುವುದು ಶೋಭಿಸುವುದು ಬೇರೆ. ಆ ದೊಡ್ಡ ಡಾಕ್ಟರರು ಎಲ್ಲಿ ದೊಡ್ಡವರಾದರು? ಸಾಮಾನ್ಯ ವಾರ್ಡಿನಲ್ಲಿ. ಉಳ್ಳವರೆಲ್ಲರೂ ಒಲ್ಲೆವೆಂದು, ಇಲ್ಲದವರನ್ನು ಕೇಳುವವರೇ ಇಲ್ಲದೆಹೋದರೆ, ಊರಿನ ವೈದ್ಯವಿದ್ಯೆಯ ನೋವೆಲ್ಲವೂ ಒಂದೇ ಕಡೆಗೆ ಹರಿದು ನಿಲ್ಲುತ್ತದೆ. ಮರಣಾನಂತರ ದೇಹವನ್ನು ಕಾಲೇಜಿಗೆ ಕೊಡುವುದಾಗಿ ಬರೆದುಕೊಡುವವರನ್ನು ಜನರು ಹೊಗಳುತ್ತಾರೆ, ಹೊಗಳಬೇಕಾದುದೇ. ಆದರೆ ಆ ದೇಹಕ್ಕೆ ಶಸ್ತ್ರದ ಅರಿವಿರದು. ಅರಿವಿರುವಾಗ, ಗುರುಗಳು ಪಕ್ಕದಲ್ಲಿರುವಾಗ, ಅಪಾಯವಿಲ್ಲದ ಒಂದು ಚುಚ್ಚಿಗೆ ತೋಳು ನೀಡುವುದಕ್ಕೆ ಅಂತಹ ದಾನಶೀಲರೂ ಹಿಂಜರಿಯುವುದು ವಿಚಿತ್ರವೆನ್ನಬೇಕು.

ಮಕ್ಕಳ ವಿಷಯದಲ್ಲಿ ಮಾತ್ರ ಈ ವಾದವನ್ನು ಹೀಗೆಯೇ ಮುಂದುವರಿಸಲು ಬಾರದು. ತಂದೆಯು ತನ್ನ ತೋಳನ್ನು ಕೊಡಬಲ್ಲನು. ಮಗುವಿನ ತೋಳನ್ನು ಚಿಕಿತ್ಸೆಗಾಗಿ ಒಪ್ಪಿಸಬಲ್ಲನೇ ಹೊರತು ಕಲಿಕೆಗಾಗಿ ದಾನಮಾಡಲು ಅದು ಅವನ ಸೊತ್ತಲ್ಲ. ಆದರೂ ಮಕ್ಕಳ ವೈದ್ಯರೂ ಮಕ್ಕಳಲ್ಲಿಯೇ ಕಲಿಯಬೇಕಾಗಿದೆ. ಅಲ್ಲಿ ಮೊದಲನೆಯ ಚುಚ್ಚು ಬಹಳ ತಡವಾಗಿ, ದೊಡ್ಡವರ ತೋಳುಗಳಲ್ಲಿ ಕೈ ಪೂರ್ತಿ ಪಳಗಿದ ಮೇಲೆ, ಗುರುಗಳ ಬೆರಳು ವಿದ್ಯಾರ್ಥಿಯ ಬೆರಳಿನ ಮೇಲೆಯೇ ಇರುವಾಗ ಬರಬೇಕೆಂಬುದರ ಹೊರತು ಬೇರೆ ಉಪಾಯವು ತೋರದು. ಅದಕ್ಕೂ ಮತ್ತೆ ದೊಡ್ಡವರ ತೋಳುಗಳೇ ಬೇಕಾಗುತ್ತವೆ, ಸಾಮಾನ್ಯ ವಾರ್ಡಿನವುಗಳೂ, ಪ್ರತ್ಯೇಕ ಕೋಣೆಯವುಗಳೂ.