ದಣಿದ ಫಿಯಟ್ಟಿನ ಪಕ್ಕದಲ್ಲಿ

ಭಾನುವಾರ ರಾತ್ರಿ ಒಂಬತ್ತು ಗಂಟೆ. ಹಾಸನದ ಕಡೆಯಿಂದ ಬರುವ ವಾಹನಗಳೆಲ್ಲ ನೆಲಮಂಗಲ ಇನ್ನೂ ಎರಡು ಕಿಲೋಮೀಟರ್ ಇರುವಾಗಲೇ ನಿಂತುಬಿಟ್ಟಿದ್ದವು. ಅಕ್ಕಪಕ್ಕದ ಕಾರುಗಳಲ್ಲಿ ಬಹುಪಾಲು ನಮ್ಮಂತೆಯೇ ಶನಿವಾರ ನಸುಕಿನಲ್ಲಿ ಹೊರಟು ಘಟ್ಟ ಇಳಿದು, ಭಾನುವಾರ ಮಧ್ಯಾಹ್ನ ಘಟ್ಟ ಹತ್ತಿ ಬಂದಂಥವು. ಹಿಂದಿನ ಗಾಜಿನೊಳಗೆ ಹರವಿದ್ದ ಒದ್ದೆ ಟವೆಲ್, ಚಕ್ರಕ್ಕೆ ಮೆತ್ತಿದ ಕೆಮ್ಮಣ್ಣು ನೋಡಿದರೆ ತಿಳಿಯುತ್ತಿತ್ತು. ನಮ್ಮ ಡಿಕ್ಕಿಯಲ್ಲಿ ಮಟ್ಟುಗುಳ್ಳ, ಕುಚ್ಚಲಕ್ಕಿ, ಹಲಸಿನ ಹಪ್ಪಳ. ಮಗಳು ನಿದ್ದೆ ಹೋಗಿದ್ದಳು. ಬಸವನಗುಡಿ ಅಲ್ಲಿಂದ ದೂರವೇನಲ್ಲ, ಆದರೆ ಮನೆ ಸೇರುವುದು ಎಷ್ಟು ಹೊತ್ತಿಗೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ಆಗ ಎಡಗಡೆ, ರಸ್ತೆಯ ಅಂಚಿನಲ್ಲಿ, ಒಂದು ಹಳೆಯ ಫಿಯಟ್ ಕಂಡಿತು. ಫಿಯಟ್ 1100, ಪದ್ಮಿನಿ ಎಂಬ ಹೆಸರು ಬರುವುದಕ್ಕೆ ಮೊದಲಿನದು. ತಿಳಿಹಸಿರು ಬಣ್ಣ. ಎಂ.ವೈ. ಎಂದು ಶುರುವಾಗುವ ನಂಬರು. 1973ರ ನವೆಂಬರ್ 1ರಂದು ನಮ್ಮ ರಾಜ್ಯ ಮೈಸೂರು ಎಂಬ ಹೆಸರನ್ನು ಕಳಚಿ ಕರ್ನಾಟಕವಾಯಿತು. ಆ ಕಾರು ಮಾತ್ರ ಮೈಸೂರನ್ನು ಇನ್ನೂ ಹಣೆಯ ಮೇಲೆ ಹೊತ್ತುಕೊಂಡೇ ಓಡಾಡುತ್ತಿತ್ತು. ಬಾನೆಟ್ ಎತ್ತಿತ್ತು. ಪಕ್ಕದ ಸಿಮೆಂಟು ಕಟ್ಟೆಯ ಮೇಲೆ ವಯಸ್ಸಾದ ದಂಪತಿ ಕೂತು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದರು.

ಸುತ್ತಲಿನವರ ಮುಖ ನೋಡುವಂತಿತ್ತು. ಮುಂದಿನ ಕಾರಿನ ಹುಡುಗರು ಗಾಜು ಇಳಿಸಿ ಫೋಟೊ ತೆಗೆದರು. ಅಷ್ಟು ಹೊತ್ತೂ ಹಾರ್ನ್ ಒತ್ತುತ್ತಲೇ ಇದ್ದ ಟ್ಯಾಕ್ಸಿಯವರು ಕತ್ತು ಹೊರಹಾಕಿ, "ಯಾವ ಮಾಡಲ್ ಸಾರ್?" ಎಂದು ಕೇಳಿದರು. ನಾನು ಇಳಿದು ಹತ್ತಿರ ಹೋದೆ.

"ಏನಾದ್ರೂ ಸಹಾಯ ಬೇಕಿತ್ತಾ ಸಾರ್?"

"ಏನೂ ಬೇಡಪ್ಪ. ನಿಂತಲ್ಲೇ ನಿಂತ್ರೆ ಇದಕ್ಕೆ ಉಸಿರು ಕಟ್ಟತ್ತೆ. ಸ್ವಲ್ಪ ಆರ್ಲಿ ಅಂತ ಬಿಟ್ಟಿದೀನಿ."

ಆ ಮಾತು ಎಷ್ಟು ನಿಜ ಎಂದು ಮನೆಗೆ ಬಂದ ಮೇಲೆ ಯೋಚಿಸಿದೆ. ಹಳೆಯ ಕಾರಿನ ಫ್ಯಾನು ಎಂಜಿನ್ನಿಗೇ ಬೆಲ್ಟಿನಿಂದ ಕಟ್ಟಿಕೊಂಡಿರುತ್ತದೆ. ಎಂಜಿನ್ ಜೋರಾಗಿ ತಿರುಗಿದರೆ ಫ್ಯಾನೂ ಜೋರು, ನಿಧಾನವಾದರೆ ಫ್ಯಾನೂ ನಿಧಾನ. ಕಾರು ಓಡುತ್ತಿರುವಾಗ ಎದುರುಗಾಳಿ ರೇಡಿಯೇಟರನ್ನು ತಣಿಸುತ್ತದೆ. ಮೊದಲ ಗೇರಿನಲ್ಲಿ ಹತ್ತಡಿ ತೆವಳಿ ಹತ್ತು ನಿಮಿಷ ನಿಲ್ಲುವ ಸಾಲಿನಲ್ಲಿ ಆ ಗಾಳಿಯೂ ಇಲ್ಲ, ಫ್ಯಾನಿನ ರಭಸವೂ ಇಲ್ಲ. ನೀರು ಕುದಿಯುತ್ತದೆ. ಇಂದಿನ ಕಾರಿನ ಫ್ಯಾನು ಕರೆಂಟಿನದು. ಬಿಸಿ ಹೆಚ್ಚಿದೊಡನೆ ತಾನೇ ತಿರುಗುತ್ತದೆ, ಕಾರು ಓಡಲಿ ನಿಲ್ಲಲಿ ಅದಕ್ಕೆ ಒಂದೇ. ಅಂದರೆ ದಟ್ಟಣೆಯನ್ನು ತಾಳಿಕೊಳ್ಳುವುದಕ್ಕೆ ಹೊಸ ಕಾರು ಹುಟ್ಟಿನಿಂದಲೇ ಸಿದ್ಧವಾಗಿರುತ್ತದೆ. ಒಳಗೆ ಕೂತ ನಮಗೆ ಆ ಸಿದ್ಧತೆ ಇಲ್ಲ. ತಣ್ಣನೆಯ ಎ.ಸಿ.ಯಲ್ಲಿ ಕೂತು ನಾವು ಕುದಿಯುತ್ತೇವೆ.

'ತಾಳು' ಎಂಬುದು ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಸಲವಾದರೂ ಬರುವ ಮಾತು. "ತಾಳು, ಬಂದೆ" ಎಂದರೆ ಸ್ವಲ್ಪ ಕಾದಿರು ಎಂದು. ಬಿಸಿಲು ತಾಳಲಾರೆ, ನೋವು ತಾಳಲಾರೆ ಎನ್ನುವಾಗ ಅದೇ ತಾಳು ಸಹಿಸು ಎಂದಾಗುತ್ತದೆ. ಕಾಯುವುದಕ್ಕೂ ಸಹಿಸುವುದಕ್ಕೂ ಕನ್ನಡ ಒಂದೇ ಮಾತನ್ನು ಇಟ್ಟುಕೊಂಡಿರುವುದು ನನಗೆ ಬಹಳ ದಿನದಿಂದ ಕಾಡುವ ವಿಷಯ. ಕಾಯುವುದೆಂದರೆ ಏನನ್ನೋ ಮೈಮೇಲೆ ಹೊತ್ತುಕೊಳ್ಳುವುದು ಎಂದು ಹಿರಿಯರಿಗೆ ಗೊತ್ತಿದ್ದಿರಬೇಕು. ಹಾಗಾದರೆ ನೆಲಮಂಗಲದ ಸಾಲಿನಲ್ಲಿ ನಾನು ಹೊತ್ತುಕೊಂಡದ್ದು ಏನು? ಬಿಸಿಯನ್ನು ಯಂತ್ರ ಹೊತ್ತಿತ್ತು, ದಾರಿಯನ್ನು ಫೋನು ಹೊತ್ತಿತ್ತು. ನನ್ನ ಪಾಲಿಗೆ ಉಳಿದದ್ದು ಬರೀ ಸಿಟ್ಟು.

ನಮ್ಮ ಅಮ್ಮನ ತವರು ಕರಾವಳಿಯ ಕೋಟದ ಕಡೆ. ಬೇಸಿಗೆ ರಜೆಯಲ್ಲಿ ಅಪ್ಪನ ಫಿಯಟ್ಟಿನಲ್ಲಿ ಹೋಗುತ್ತಿದ್ದೆವು. ಹೋಗುವಾಗ ಇಳಿಜಾರು, ತೊಂದರೆಯಿಲ್ಲ. ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತಲು ಶುರುಮಾಡಿದರೆ ಎರಡನೇ ಗೇರಿಗಿಂತ ಮೇಲೆ ಹೋಗುವಂತಿಲ್ಲ. ಮಾರನಹಳ್ಳಿ ಬರುವಷ್ಟರಲ್ಲಿ ಒಂದಲ್ಲ ಎರಡು ಸಲ ನಿಲ್ಲಲೇಬೇಕು. ಗುಡ್ಡದಿಂದ ಝರಿ ಇಳಿಯುವ ತಿರುವುಗಳನ್ನು ಅಪ್ಪ ಗುರುತಿಟ್ಟುಕೊಂಡಿದ್ದರು. ನಿಲ್ಲಿಸಿದ ಕೂಡಲೇ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕುತ್ತಿರಲಿಲ್ಲ, ಕುದಿನೀರು ಮುಖಕ್ಕೆ ಎಗರುತ್ತದೆ. ಮೊದಲು ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ. ಬಿಸಿಗೆ ಪೆಟ್ರೋಲು ಆವಿಯಾಗಿ ಏರ್‌ಲಾಕ್ ಆದರೆ ಕಾರು ಜಪ್ಪಯ್ಯ ಎಂದರೂ ಹೊರಡುವುದಿಲ್ಲ. ಆಮೇಲೆ ಅರ್ಧ ಗಂಟೆ ಸುಮ್ಮನೆ ಕೂರುವುದು. ಆಮೇಲೆ ಎಂಜಿನ್ ಶುರುಮಾಡಿ, ಚೊಂಬಿನಿಂದ ಸ್ವಲ್ಪಸ್ವಲ್ಪವೇ ನೀರು. ಒಮ್ಮೆಲೇ ತಣ್ಣೀರು ಸುರಿದರೆ ಕಾದ ಕಬ್ಬಿಣ ಬಿರಿಯುತ್ತದೆ.

ಆ ಅರ್ಧ ಗಂಟೆ ನನಗೆ ಏನನ್ನು ಕೊಟ್ಟಿತು ಎಂದು ಈಗ ಲೆಕ್ಕ ಹಾಕುತ್ತೇನೆ. ಕೆಂಪುಹೊಳೆಯ ನೀರು ಏಪ್ರಿಲಿನಲ್ಲೂ ಕಾಲು ಮರಗಟ್ಟುವಷ್ಟು ತಣ್ಣಗಿರುತ್ತದೆ ಎಂದು ತಿಳಿದದ್ದು ಅಲ್ಲಿ. ಅದು ಗುಂಡ್ಯ ಹೊಳೆಯನ್ನು ಕೂಡಿ, ಆ ಹೊಳೆ ಕುಮಾರಧಾರೆಯನ್ನು ಸೇರಿ, ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯಾಗಿ ಮಂಗಳೂರಿನಲ್ಲಿ ಕಡಲಿಗೆ ಹೋಗುತ್ತದೆ ಎಂದು ಅಪ್ಪ ಹೇಳಿದ್ದು ಅಲ್ಲಿ. ನಾವು ಬಿಟ್ಟು ಬಂದ ಸಮುದ್ರಕ್ಕೆ ಹೊರಟಿದ್ದ ನೀರನ್ನೇ ನಾವು ರೇಡಿಯೇಟರಿಗೆ ತುಂಬಿಕೊಂಡು ಬೆಂಗಳೂರಿಗೆ ತರುತ್ತಿದ್ದೆವು. ಮೇಲಿಂದ ಇಳಿಯುವ ಲಾರಿಯವರು ನಿಲ್ಲಿಸಿ ವಿಚಾರಿಸದೆ ಹೋದದ್ದು ನೆನಪಿಲ್ಲ. ಎಲ್ಲವೂ ಸೊಗಸಾಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಕತ್ತಲಾಗುವ ಹೊತ್ತಿಗೆ ಕಾರು ನಿಂತರೆ ಅಮ್ಮ ಆನೆಯ ಭಯಕ್ಕೆ ನಮ್ಮನ್ನೆಲ್ಲ ಒಳಗೆ ಕೂರಿಸಿ ದೇವರ ನಾಮ ಹೇಳಿಕೊಳ್ಳುತ್ತಿದ್ದರು. ಅಪ್ಪನ ಬೆನ್ನಿನ ಅಂಗಿ ತೊಯ್ದು ಅಂಟಿಕೊಂಡಿದ್ದು ಸೆಖೆಗೆ ಮಾತ್ರವೇ ಇರಲಾರದು. ತಾಳುವುದರಲ್ಲಿ ಅದೂ ಸೇರಿತ್ತು. ಹೊರಡುವಾಗ ಅಜ್ಜಯ್ಯ ಪ್ರತಿ ಸಲವೂ, "ಎಂತಕೆ ಅವಸರ? ಕೂಕಣಿ" ಎನ್ನುತ್ತಿದ್ದರು, ಕೂತುಕೊಳ್ಳಿ ಎಂದು. ಕೋಟದ ಜಗಲಿಯಲ್ಲಿ ನಮಗೆ ಕೇಳದ ಆ ಮಾತನ್ನು ಘಾಟಿಯ ಮೇಲೆ ಫಿಯಟ್ ಕೇಳಿಸುತ್ತಿತ್ತು.

ಈ ಫಿಯಟ್ಟಿಗೂ ನಮ್ಮ ಊರಿಗೂ ಇನ್ನೊಂದು ನಂಟಿದೆ. ಭಾರತದಲ್ಲೇ ಕಾರು ತಯಾರಾಗಬೇಕು ಎಂಬ ಛಲದಿಂದ ಸರ್ ಎಂ. ವಿಶ್ವೇಶ್ವರಯ್ಯನವರು ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಯೂರೋಪು ಅಮೆರಿಕ ಸುತ್ತಿ ಬಂದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದಕ್ಕೆ ಜೊತೆಯಾದರು. ಕಾರ್ಖಾನೆಯನ್ನು ಮೈಸೂರು ಸಂಸ್ಥಾನದಲ್ಲಿ ಮಾಡುವ ಮಾತಿತ್ತು, ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಅದೇ ವಾಲ್‌ಚಂದ್ 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಶುರುಮಾಡಿದ ವಿಮಾನ ಕಾರ್ಖಾನೆ ಇಂದಿನ ಎಚ್.ಎ.ಎಲ್. ಆಯಿತು. ಮುಂದೆ ಈ ಫಿಯಟ್ಟನ್ನು ತಯಾರಿಸಿದ ಪ್ರೀಮಿಯರ್ ಕಂಪನಿ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ನಮ್ಮಲ್ಲಿ ಹುಟ್ಟಬೇಕಿದ್ದ ಮಗು ಬೇರೆ ಊರಿನಲ್ಲಿ ಬೆಳೆದು, ಅತಿಥಿಯಾಗಿ ಚಾಮರಾಜಪೇಟೆ, ಮಲ್ಲೇಶ್ವರದ ಕಾಂಪೌಂಡುಗಳ ಒಳಗೆ ಬಂದು ನಿಂತಿತು. ಹಾಗೆ ಬರುವುದಕ್ಕೂ ಜನ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾದರು. ಆ ಕಾಯುವಿಕೆಯನ್ನು ನಾನು ಕೊಂಡಾಡಲಾರೆ, ಅದು ಅಭಾವದ ಕೂಸು. ಆದರೂ ಅಷ್ಟು ಕಾದು ಪಡೆದದ್ದನ್ನು ಮನೆಯವರು ಸುಲಭಕ್ಕೆ ಬಿಡಲಿಲ್ಲ ಎನ್ನುವುದು ನಿಜ. ಚಾಮರಾಜಪೇಟೆಯ ಅಡ್ಡರಸ್ತೆಗಳಲ್ಲಿ ನಡೆಯುವಾಗ ಮಾವಿನ ಮರದ ಕೆಳಗೆ ಟಾರ್ಪಾಲು ಹೊದ್ದ ಗುಂಡನೆಯ ಆಕಾರ ಕಂಡರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಮನೆ ಒಡೆದು ಅಪಾರ್ಟ್‌ಮೆಂಟ್ ಎದ್ದಲ್ಲಿ ಮರವೂ ಇಲ್ಲ, ಆ ಆಕಾರವೂ ಇಲ್ಲ.

ಚಾಮರಾಜಪೇಟೆ 1892ರ ಬಡಾವಣೆ. 1898ರಲ್ಲಿ ಪ್ಲೇಗು ಹಳೆಯ ಪೇಟೆಯ ಇಕ್ಕಟ್ಟಿನ ಓಣಿಗಳನ್ನು ಬಾಚಿಕೊಂಡು ಹೋದ ಮೇಲೆ ಜನ ಗಾಳಿ, ಬೆಳಕು ಹುಡುಕಿಕೊಂಡು ಬಸವನಗುಡಿ, ಮಲ್ಲೇಶ್ವರಗಳಿಗೆ ಬಂದರು. ಊರು ಉಸಿರಾಡಲಿ ಎಂದೇ ಅಲ್ಲಿ ರಸ್ತೆಗಳನ್ನು ಅಗಲ ಮಾಡಿದ್ದು. ಈಗ ಆ ಅಗಲದ ಎರಡೂ ಅಂಚಿನಲ್ಲಿ ಕಾರುಗಳು ನಿಂತಿವೆ. 2022ರಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡ್ ಬೇಕಾಯಿತು ಎಂದು ಟಾಮ್‌ಟಾಮ್ ಸಂಸ್ಥೆ ಲೆಕ್ಕ ಕೊಟ್ಟಿತು. ನಿಂತಲ್ಲೇ ನಿಂತರೆ ಉಸಿರು ಕಟ್ಟುತ್ತದೆ ಎಂದು ಆ ಹಿರಿಯರು ಹೇಳಿದ್ದು ತಮ್ಮ ಕಾರಿನ ಬಗ್ಗೆ. ನನಗೆ ಬಸವನಗುಡಿಯ ಗಾಂಧಿ ಬಜಾರು ಕಣ್ಣಿಗೆ ಬಂತು.

ಅದೇ ಗಾಂಧಿ ಬಜಾರಿನಲ್ಲಿ ಇನ್ನೊಂದು ಸಾಲು ಇದೆ. ಶನಿವಾರ, ಭಾನುವಾರದ ಬೆಳಿಗ್ಗೆ ವಿದ್ಯಾರ್ಥಿ ಭವನ ಹೋಟೆಲಿನ ಮುಂದೆ ಹೆಸರು ಬರೆಸಿ ಫುಟ್‌ಪಾತಿನ ಮೇಲೆ ನಿಂತವರು. ಅಲ್ಲಿ ಗಂಟೆ ಹೊತ್ತು ಕಾದರೂ ಯಾರ ಮುಖವೂ ಗಂಟಿಕ್ಕಿರುವುದಿಲ್ಲ. ಒಬ್ಬರು ಇನ್ನೊಬ್ಬರ ಮಗುವನ್ನು ಮಾತಾಡಿಸುತ್ತಾರೆ, ಯಾವ ಊರು ಎಂದು ಕೇಳುತ್ತಾರೆ, ಹಿಂದೆ ದೋಸೆ ಎಷ್ಟು ರೂಪಾಯಿಗೆ ಸಿಗುತ್ತಿತ್ತು ಎಂದು ಹೇಳಿಕೊಳ್ಳುತ್ತಾರೆ. ನೆಲಮಂಗಲದಲ್ಲಿ ಹಾರ್ನ್ ಒತ್ತಿದವನೇ ಇಲ್ಲಿ ಹಿರಿಯರಿಗೆ ಬೆಂಚು ಬಿಟ್ಟುಕೊಡುತ್ತಾನೆ. ಮನುಷ್ಯ ಅವನೇ. ಇಲ್ಲಿ ಅವನಿಗೆ ಪಕ್ಕದವರ ಮುಖ ಕಾಣುತ್ತದೆ, ಅಲ್ಲಿ ಕಂಡದ್ದು ಮುಂದಿನ ಕಾರಿನ ಕೆಂಪು ದೀಪ.

ಯೋಚಿಸಿದರೆ ಕರಾವಳಿಯ ದಾರಿ ಶುರುವಾದದ್ದೇ ಆ ಕಡೆಯಿಂದ. ನಾವು ವಾರಾಂತ್ಯಕ್ಕೆ ಇಳಿಯುವುದಕ್ಕೆ ಬಹಳ ಮೊದಲು ಕರಾವಳಿಯವರು ಘಟ್ಟ ಹತ್ತಿ ಬಂದಿದ್ದರು. ಕೋಟದ ಕಡೆಯ ಮಯ್ಯ ಸಹೋದರರು 1924ರಲ್ಲಿ ಶುರುಮಾಡಿದ ಹೋಟೆಲು ಇಂದಿನ ಎಂ.ಟಿ.ಆರ್. ವಿದ್ಯಾರ್ಥಿ ಭವನವನ್ನು 1943ರಲ್ಲಿ ತೆರೆದವರು ವೆಂಕಟರಮಣ ಉರಾಳರು. ಊರು ಬಿಟ್ಟು ಘಟ್ಟ ಹತ್ತಿ ಬಂದ ಎಷ್ಟೋ ಹುಡುಗರು ಇಂಥ ಅಡುಗೆಮನೆಗಳಲ್ಲಿ ಒಲೆಯ ಮುಂದೆ ನಿಂತು ಬದುಕು ಕಟ್ಟಿಕೊಂಡರು. ದಾರಿಯುದ್ದಕ್ಕೂ ಹಸಿವು ತಾಳಿ ಬಂದವರು ದಾರಿಹೋಕರ ಹಸಿವು ನೀಗಿಸುವ ಕೆಲಸಕ್ಕೇ ನಿಂತರು. ವಾರಾಂತ್ಯದಲ್ಲಿ ಅವರ ಊರಿಗೆ ಓಡುವ ನಾವು ಅಲ್ಲಿ ಯಾರ ಜಗಲಿಯಲ್ಲಿ ಕೂತು ಬರುತ್ತೇವೆ? ಮರವಂತೆಯಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಅಂಥ ಜಾಗದಲ್ಲೂ ಹತ್ತು ನಿಮಿಷಕ್ಕೆ ಫೋಟೊ ಮುಗಿಸಿ ಹೊರಡುವವರಲ್ಲಿ ನಾನೂ ಒಬ್ಬನಾಗಿದ್ದೇನೆ. ಅದು ನನಗೆ ನೋವಿನ ವಿಷಯ.

ಅದೇ ಹೆದ್ದಾರಿಯಲ್ಲಿ ಅಂಕೋಲದ ಹತ್ತಿರ ಇರುವ ಶಿರೂರನ್ನೂ ಮರೆಯಲಾಗುವುದಿಲ್ಲ. 2024ರ ಜುಲೈ 16ರ ಬೆಳಿಗ್ಗೆ, ನಾಲ್ಕು ಪಥದ ಹೆದ್ದಾರಿಗಾಗಿ ಕಡಿದಿದ್ದ ಗುಡ್ಡ ಮಳೆಗೆ ಕುಸಿದು ರಸ್ತೆಯನ್ನು ದಾಟಿ ಗಂಗಾವಳಿ ನದಿಯವರೆಗೂ ಬಂತು. ರಸ್ತೆಯ ಪಕ್ಕದಲ್ಲಿ ಒಂದು ಚಹಾದಂಗಡಿ ಇತ್ತು. ದೂರದ ಲಾರಿಯವರು ನಿಲ್ಲಿಸಿ ಚಹಾ ಕುಡಿಯುವ ಜಾಗ. ಅಂಗಡಿ ನಡೆಸುತ್ತಿದ್ದ ಕುಟುಂಬವೂ, ಅಲ್ಲಿ ನಿಂತಿದ್ದವರೂ ಮಣ್ಣಿನ ಜೊತೆ ಹೋದರು. ನದಿಯಿಂದ ಒಂದು ಲಾರಿಯನ್ನೂ ಅದರ ಚಾಲಕನನ್ನೂ ಮೇಲೆತ್ತಲು ಎರಡು ತಿಂಗಳ ಮೇಲಾಯಿತು. ರಸ್ತೆ ಅಗಲವಾಗಬಾರದು ಎಂದು ನಾನು ಹೇಳಲಾರೆ. ರೋಗಿಯನ್ನು ಕರೆದೊಯ್ಯುವ ಆಂಬುಲೆನ್ಸಿಗೂ ಅದೇ ರಸ್ತೆ ಬೇಕು. ಆದರೆ ಎಲ್ಲಿಯೂ ನಿಲ್ಲದೆ ಹೋಗಬೇಕು ಎಂಬ ನನ್ನ ಆಸೆಗಾಗಿ ಯಾವ ಗುಡ್ಡದ ಬುಡ ಕಡಿಯಲಾಯಿತು, ಅದರ ಕೆಳಗೆ ಯಾರು ನಿಂತಿದ್ದರು ಎಂದು ನಾನು ಕೇಳಿಕೊಳ್ಳದೆ ಇರಬಾರದು.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಆ ಫಿಯಟ್ಟಿನಂಥ, ಐವತ್ತು ವರ್ಷ ದಾಟಿದ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ವಿಂಟೇಜ್ ಎಂದು ನೋಂದಾಯಿಸಿದ ಕಾರನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲು ಹಾಕಿಸಲು, ರಿಪೇರಿಗೆ ಹೊರತೆಗೆಯಬಹುದು; ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನೆಲಮಂಗಲದ ಹಿರಿಯರನ್ನು ಈ ಬಗ್ಗೆ ಕೇಳಿದಾಗ ಅವರು ತಲೆಯಾಡಿಸಿದರು. "ಹಾಗೆ ಮಾಡಿಸಿಲ್ಲಪ್ಪ. ತರಕಾರಿ ತರೋಕೂ ಇದೇ, ಮೊಮ್ಮಗಳ ಮನೆಗೂ ಇದೇ" ಎಂದರು. ಆಮೇಲೆ ಬಾನೆಟ್ಟಿನ ಹತ್ತಿರ ಹೋಗಿ, ರೇಡಿಯೇಟರಿಗೆ ತಾಗಿಸದೆ ಅಂಗೈ ಹಿಡಿದು ಬಿಸಿ ನೋಡಿದರು. ಜ್ವರ ನೋಡುವವರ ಹಾಗೆ.

ಕಳೆದ ಡಿಸೆಂಬರಿನಲ್ಲಿ ಮತ್ತೆ ಕೋಟಕ್ಕೆ ಹೋಗಿದ್ದೆವು. ಬರುವಾಗ ಗುಂಡ್ಯ ದಾಟಿ ಸ್ವಲ್ಪ ದೂರದಲ್ಲಿ, ಕೆಂಪುಹೊಳೆ ರಸ್ತೆಯ ಪಕ್ಕಕ್ಕೇ ಬರುವಲ್ಲಿ, ಜಾಗ ನೋಡಿ ಕಾರು ನಿಲ್ಲಿಸಿದೆ.

"ಏನಾಯ್ತು ಅಪ್ಪ? ಕೆಟ್ಟೋಯ್ತಾ?" ಎಂದಳು ಮಗಳು.

"ಇಲ್ಲ ಪುಟ್ಟ. ತಾತನ ಕಾರು ಇಲ್ಲೇ ನಿಲ್ತಿತ್ತು."

ಇಳಿದೆವು. ನೀರಿನ ಸದ್ದು, ಮೇಲೆ ಹತ್ತುವ ಲಾರಿಗಳ ಏದುಸಿರು. ಅವಳು ಪಕ್ಕದ ಬಂಡೆಯಿಂದ ಇಳಿಯುವ ಝರಿಗೆ ಬಾಟಲಿ ಹಿಡಿದು, ತುಂಬಿಸಿಕೊಂಡು ಬಂದಳು. ತಾತನ ಕಾರಿಗೆ ನೀರು ಕುಡಿಸುತ್ತಿದ್ದ ಕತೆ ಅವಳಿಗೆ ಗೊತ್ತು. "ಎಲ್ಲಿ ಹಾಕ್ಬೇಕು?" ಎಂದು ಕೇಳಿದಳು. ಬಾನೆಟ್ ಎತ್ತಿದೆ. ಎಂಜಿನ್ನಿನ ಮೇಲೆ ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳ, ಪಕ್ಕದಲ್ಲಿ ಕೂಲೆಂಟಿನ ಡಬ್ಬಿ, ತುಂಬಿತ್ತು. ಇಬ್ಬರೂ ಬಗ್ಗಿ ನೋಡುತ್ತಾ ಸ್ವಲ್ಪ ಹೊತ್ತು ನಿಂತೆವು. ಕೊನೆಗೆ ಅವಳು ತಾನೇ ಎರಡು ಗುಟುಕು ಕುಡಿದು, "ಅಬ್ಬಾ, ಎಷ್ಟು ತಣ್ಣಗಿದೆ" ಎಂದು ಬಾಟಲಿಯನ್ನು ನನ್ನ ಕೈಗೆ ಕೊಟ್ಟಳು.