ಎರವಲು ಕೊಡಲಾಗದ ಪುಸ್ತಕ

ಇ-ರೀಡರ್ ಕೊಳ್ಳುವ ಆಸೆ ನನಗೆ ಹುಟ್ಟಿದ್ದು ಕಣ್ಣಿನ ದೆಸೆಯಿಂದ. ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ಪರದೆ ಕಣ್ಣು ಕುಕ್ಕುವುದಿಲ್ಲ. ವಿನೋಬನಗರದ ನಮ್ಮ ಮನೆಯಲ್ಲಿ ಇನ್ನೊಂದು ಕಪಾಟಿಗೆ ಜಾಗವೂ ಇಲ್ಲ.

2016ರ ಡಿಸೆಂಬರಿನಲ್ಲಿ ಅಮೆಜಾನ್ ಕಂಪನಿ ಕಿಂಡಲ್‌ಗೆ ಐದು ಭಾರತೀಯ ಭಾಷೆಗಳ ಪುಸ್ತಕ ತಂದಾಗ ಕನ್ನಡ ಅವುಗಳಲ್ಲಿರಲಿಲ್ಲ. ಅದಕ್ಕಿಂತ ಕಾಡುವುದು 2009ರ ಸಂಗತಿ. ಹಕ್ಕಿಲ್ಲದವರು ಮಾರಿದ್ದೆಂದು, ಆರ್ವೆಲ್‌ನ ‘1984’ ಅನ್ನು ಕೊಂಡವರ ಕಿಂಡಲ್‌ಗಳಿಂದಲೇ ಅದು ಅಳಿಸಿಹಾಕಿತು. ಹಣ ವಾಪಸು ಕೊಟ್ಟಿತು, ನಿಜ. ಆದರೂ ಕಾಸು ಕೊಟ್ಟು ಕೊಂಡದ್ದು ನಮ್ಮದಲ್ಲವೆಂದರೆ ಹೇಗೆ? ಪಕ್ಕದ ಮನೆಯ ಹುಡುಗಿ ಒಂದು ಪುಸ್ತಕ ಕೇಳಿದರೆ ಇಡೀ ಕಪಾಟನ್ನೇ ಎತ್ತಿಕೊಡಬೇಕು! ಎರವಲು ಹೋದದ್ದು ಹಿಂತಿರುಗುವುದಿಲ್ಲವೆಂದು ಗೊಣಗುವವನೇ ನಾನು. ಆದರೆ ಹಾಗೆ ಹೋದವನ್ನು ಎಲ್ಲೋ ಯಾರೋ ಓದುತ್ತಿರಬಹುದು.

ಸದ್ಯಕ್ಕೆ ಕನ್ನಡಕದ ನಂಬರು ಬದಲಾಯಿಸಿಕೊಂಡು ಬಂದಿದ್ದೇನೆ.