ತೀರ್ಪಿಗಿಂತ ಮಿಗಿಲಾದುದು

ಸುಳ್ಳು ಆರೋಪ ಹೊತ್ತವನು ಬಿಡುಗಡೆಗಾಗಿ ಯಾವ ಉಪಾಯವನ್ನಾದರೂ ಹಿಡಿಯಬಹುದೇ? ಈ ಪ್ರಶ್ನೆ ಎದುರಾದಾಗ ನಾವು ನೆನೆಯಬೇಕಾದವನು ರೋಮಿನ ರುಟಿಲಿಯಸ್ ರೂಫಸ್.

ಸ್ಟೋಯಿಕ್ ದಾರ್ಶನಿಕ ಪನೇಟಿಯಸನ ಶಿಷ್ಯನಾದ ಈತ ಕ್ರಿ.ಪೂ. 105ರಲ್ಲಿ ಕಾನ್ಸಲ್ ಪದವಿಗೇರಿದನು. ಸದ್ಗುಣವೊಂದೇ ನಿಜವಾದ ಒಳಿತು. ಸಿರಿ, ಪದವಿ, ಕೀರ್ತಿಗಳು ಬಂದರೂ ಹೋದರೂ ಮನುಷ್ಯನ ಬೆಲೆ ಏರಿಳಿಯದು ಎಂಬುದು ಆ ದರ್ಶನದ ತಿರುಳು. ಮುಂದೆ ಏಷ್ಯಾ ಪ್ರಾಂತದಲ್ಲಿ, ಎಂದರೆ ಇಂದಿನ ಪಶ್ಚಿಮ ತುರ್ಕಿಯಲ್ಲಿ, ಅಧಿಕಾರಿಯಾಗಿದ್ದಾಗ ತೆರಿಗೆ ಗುತ್ತಿಗೆದಾರರ ಸುಲಿಗೆಯನ್ನು ಅವನು ತಡೆದನು. ಅವರ ಹಗೆ ಬೆನ್ನಟ್ಟಿ ಬಂದಿತು. ಕ್ರಿ.ಪೂ. 92ರ ಸುಮಾರಿಗೆ, ಪ್ರಾಂತದ ಜನರನ್ನು ಸುಲಿದನೆಂದು ಅವನ ಮೇಲೆಯೇ ಮೊಕದ್ದಮೆ ಹೂಡಲಾಯಿತು. ತೀರ್ಪು ಕೊಡುವವರೂ ಗುತ್ತಿಗೆದಾರರ ವರ್ಗದವರೇ ಆಗಿದ್ದರು.

ಆರೋಪಿಯು ಮಾಸಿದ ಉಡುಪು ತೊಟ್ಟು ಕರುಣೆ ಬೇಡುವುದು ರೋಮಿನ ರೂಢಿ. ರೂಫಸ್ ಹಾಗೆ ಮಾಡಲಿಲ್ಲ. ಹೆಸರಾಂತ ವಾಗ್ಮಿಗಳ ನೆರವನ್ನೂ ಬಯಸದೆ, ಇದ್ದುದನ್ನು ಇದ್ದಂತೆ ಹೇಳಿಸಿದನು. ಅಪರಾಧಿಯೆಂದು ತೀರ್ಪಾಯಿತು. ಅವನ ಆಸ್ತಿಯನ್ನು ಎಣಿಸಿದಾಗ, ದೋಚಿದನೆಂದು ಹೇಳಲಾದ ಮೊತ್ತಕ್ಕಿಂತ ಅದು ಎಷ್ಟೋ ಕಡಿಮೆಯಿತ್ತು.

ಗಡೀಪಾರಾದ ಅವನು ನೆಲೆಸಿದ್ದು ಅದೇ ಪ್ರಾಂತದ ಸ್ಮಿರ್ನಾದಲ್ಲಿ. ಯಾರನ್ನು ಸುಲಿದನೆಂದು ಹೇಳಲಾಗಿತ್ತೋ ಅವರೇ ಅವನನ್ನು ಆದರದಿಂದ ಬರಮಾಡಿಕೊಂಡು ಪೌರತ್ವವನ್ನಿತ್ತರು. ಅವರದು ಗ್ರೀಕ್ ನುಡಿ, ಅವನದು ಲ್ಯಾಟಿನ್. ನುಡಿ ಬೇರೆಯಾದರೂ ನಡೆ ಅವರಿಗೆ ತಿಳಿದಿತ್ತು. ಅನ್ಯಭಾಷಿಕರ ನಡುವೆ ತಲೆಮಾರುಗಳಿಂದ ಬಾಳುತ್ತಿರುವ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಸುಲ್ಲನು ಮರಳಿ ಕರೆದಾಗಲೂ ರೂಫಸ್ ರೋಮಿಗೆ ಹೋಗಲಿಲ್ಲ.

ಆದರೆ ಒಂದು ಆಕ್ಷೇಪವುಂಟು. ಸಮರ್ಥ ವಾಗ್ಮಿಯೊಬ್ಬನು ವಾದಿಸಿದ್ದರೆ ಇಂತಹ ಸಜ್ಜನನನ್ನು ರೋಮ್ ಕಳೆದುಕೊಳ್ಳುತ್ತಿರಲಿಲ್ಲವೆಂದು ಸಿಸಿರೊವಿನ ಸಂವಾದಗ್ರಂಥವೊಂದರಲ್ಲಿ ಒಂದು ಪಾತ್ರ ಮರುಗುತ್ತದೆ. ಈ ಮಾತನ್ನು ನಾವು ತಳ್ಳಿಹಾಕಲಾರೆವು. ಆ ತೀರ್ಪಿನಿಂದ ನೊಂದವನು ರೂಫಸ್ ಒಬ್ಬನೇ ಅಲ್ಲ. ಪ್ರಾಮಾಣಿಕನಾದರೆ ಇದೇ ಗತಿಯೆಂಬ ಎಚ್ಚರಿಕೆ ಉಳಿದ ಅಧಿಕಾರಿಗಳಿಗೂ ತಲುಪಿರಬೇಕು.

ಹಾಗಿದ್ದರೂ ಅವನು ಸತ್ಯವನ್ನು ಹೇಳದೆ ಬಿಡಲಿಲ್ಲ. ಕರುಣೆಯನ್ನು ಬೇಡದೆ ಬಿಟ್ಟನು. ಮಾಡದ ತಪ್ಪಿಗೆ ಕ್ಷಮೆ ಬೇಡುವುದೂ ಒಂದು ಬಗೆಯ ಸುಳ್ಳೆಂದೇ ನಾವು ಭಾವಿಸುತ್ತೇವೆ. ಕೊರತೆ ಅವನ ಸಂಯಮದಲ್ಲಿರಲಿಲ್ಲ, ಸುತ್ತ ಕುಳಿತು ನೋಡಿದವರಲ್ಲಿತ್ತು. ತನಗಾದ ಅನ್ಯಾಯದ ಮುಂದೆ ತಾಳ್ಮೆ ಸದ್ಗುಣವಾಗಬಹುದು. ನೆರೆಯವನಿಗಾದ ಅನ್ಯಾಯದ ಮುಂದೆ ಮೌನವನ್ನು ನಾವು ಸಂಯಮವೆಂದು ಕರೆಯದಿರೋಣ.